ಮಾಸ್ಕ್ ಚೆನ್ನಾಗಿದೆ, ತಕರಾರು ಮೀಸೆಯದು

ಸ್ಕೂಬಾ ಡೈವಿಂಗಿಗೆಂದು ಈ ಮಾಸ್ಕ್ ಕೊಂಡು ಮೂರು ಹಂಗಾಮು ಕಳೆದವು. ಗೋವಾದ ವಾಸ್ಕೋದಲ್ಲಿ ಮನೆ ಇರುವುದರಿಂದ ಹೆಚ್ಚಾಗಿ ಗ್ರಾಂಡೆ ದ್ವೀಪದ ಸುತ್ತಲೇ ಮುಳುಗಿದ್ದೇನೆ. ಒಮ್ಮೆ ಮಾತ್ರ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆ. ಮೊದಲ ವರ್ಷವೇ ಬರೆದಿದ್ದರೆ ಐದಕ್ಕೆ ಒಂದು ಅಂಕ ಕೊಡುತ್ತಿದ್ದೆ.

ಕಾರಣ, ಸೋರಿಕೆ. ಎಂಟು ಹತ್ತು ಮೀಟರ್ ಇಳಿಯುವಷ್ಟರಲ್ಲಿ ಮೂಗಿನ ಹೊಳ್ಳೆಯವರೆಗೆ ನೀರು. ಮಾಸ್ಕಿನ ಮೇಲಂಚು ಒತ್ತಿ ಹಿಡಿದು, ಮೂಗಿನಿಂದ ಉಸಿರು ಬಿಟ್ಟು ನೀರು ಹೊರಹಾಕಬೇಕು. ಎರಡು ನಿಮಿಷಕ್ಕೆ ಮತ್ತೆ ಅದೇ. ಮೀನು ನೋಡಿದ್ದಕ್ಕಿಂತ ಮೂಗು ಸೀನಿದ್ದೇ ಹೆಚ್ಚು. ಸಿಲಿಂಡರಿನ ಗಾಳಿಯೂ ಹಾಗೆಯೇ ಖರ್ಚು. ಪಟ್ಟಿ ಬಿಗಿದೆ, ಅಂಚು ಸೊಟ್ಟಗಾಗಿ ಇನ್ನಷ್ಟು ಸೋರಿತು. ಕೆನ್ನೆಯ ಮೇಲೆ ಸಂಜೆಯವರೆಗೂ ಉಳಿದ ಕೆಂಪು ಗೆರೆ ಕಂಡು ಹೆಂಡತಿ, "ಯಾರು ಹೊಡೆದರು?" ಎಂದಳು.

ಅಂಗಡಿಯಲ್ಲಿ ಪರೀಕ್ಷಿಸಿಯೇ ಕೊಂಡಿದ್ದೆ: ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆದರೆ ಅಂಟಿಕೊಳ್ಳಬೇಕು. ಅಂಟಿತ್ತು. ಆದರೆ ನಾನು ಎಳೆಯುತ್ತಲೇ ಇದ್ದೆನೇ ಹೊರತು ಉಸಿರು ತಡೆದು ಹತ್ತು ಎಣಿಸಿರಲಿಲ್ಲ. ಎಣಿಸಿದ್ದರೆ ಅಲ್ಲಿಯೇ ಕಳಚಿ ಬೀಳುತ್ತಿತ್ತು. ಎರಡನೆಯ ಹಂಗಾಮಿನಲ್ಲಿ ನಮ್ಮ ತರಬೇತುದಾರರು ಮಾಸ್ಕನ್ನು ನೋಡಲೇ ಇಲ್ಲ, ನನ್ನ ಮೇಲ್ದುಟಿಯತ್ತ ಬೆರಳು ತೋರಿಸಿದರು. ಕೂದಲಿನ ನಡುವೆ ಸಿಲಿಕೋನ್ ಅಂಚು ಹೇಗೆ ಕೂರುತ್ತದೆ? ಒಂದು ವರ್ಷ ಬೈದದ್ದಕ್ಕೆ ಮಾಸ್ಕಿನ ಕ್ಷಮೆ ಕೇಳಬೇಕು.

ಮಂಜು ಕಟ್ಟುವುದು ಬೇರೆ ಕಥೆ. ಹೊಸ ಗಾಜಿನ ಮೇಲೆ ಕಾರ್ಖಾನೆಯ ಜಿಡ್ಡಿನ ತೆಳು ಪದರ ಇರುತ್ತದೆ. ಬಿಳಿ ಟೂತ್‌ಪೇಸ್ಟಿನಿಂದ ಮೂರು ಸಲ ಉಜ್ಜಿದೆ. ಆಮೇಲೂ ಪ್ರತಿ ಸಲ ನೀರಿಗಿಳಿಯುವ ಮುನ್ನ ದೋಣಿಯ ಅಂಚಿನಲ್ಲಿ ಕುಳಿತು ಒಣಗಾಜಿಗೆ ಉಗುಳಿ, ಬೆರಳಿನಿಂದ ಮೂಲೆಮೂಲೆಗೂ ಸವರಿ, ಸಮುದ್ರದ ನೀರಿನಲ್ಲಿ ಒಮ್ಮೆ ಮಾತ್ರ ಅದ್ದಿ ತೆಗೆಯಬೇಕು. ಎಂಜಲು ಮುಸುರೆ ಎಂದು ಗದರಿಸಿಕೊಂಡೇ ಬೆಳೆದ ನನಗೆ ಈಗ ಇದಿಲ್ಲದೆ ಸಮಾಧಾನವಿಲ್ಲ. ಅಜ್ಜಿ ನೋಡಿದ್ದರೆ ಮನೆಯೊಳಗೆ ಸೇರಿಸುತ್ತಿರಲಿಲ್ಲ.

ಮೈನಸ್ ಮೂರೂವರೆಯ ಕಣ್ಣು ನನ್ನದು. ಅದಕ್ಕೇ ಎರಡು ಗಾಜಿನದನ್ನು ಆರಿಸಿ, ನಂಬರಿನ ಗಾಜು ಬೇರೆಯಾಗಿ ತರಿಸಿ ಹಾಕಿಸಿದೆ. ಮಾಸ್ಕಿಗಿಂತ ಗಾಜಿಗೇ ಹೆಚ್ಚು ದುಡ್ಡಾಯಿತು. ನೇತ್ರಾಣಿಯ ತಿಳಿನೀರಿನಲ್ಲಿ ಬಂಡೆಯ ಸಂದಿನ ಹಾವುಮೀನು ಬಾಯಿ ತೆರೆದು ಮುಚ್ಚುವುದು ಕಂಡಾಗ ಆ ದುಡ್ಡು ಮರೆತೆ. ನೀರಿನೊಳಗೆ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ, ಹಲ್ಲುಗಳೂ.

ಅಂಚು ಕಪ್ಪು ಬಣ್ಣದ್ದು, ಹಳದಿಯಾದದ್ದು ಕಾಣುವುದಿಲ್ಲ. ಪಟ್ಟಿ ಮಾತ್ರ ಕೂದಲು ಕೀಳುತ್ತದೆ, ಅದಕ್ಕೆ ಒಂದು ಅಂಕ ಕಡಿತ.

ಮೀಸೆಯನ್ನು ಪೂರ್ತಿ ತೆಗೆಯಲು ಮನಸ್ಸಾಗಲಿಲ್ಲ. ಮೂಗಿನ ಕೆಳಗೆ ಒಂದು ಬೆರಳಷ್ಟು ಅಗಲ ಬೋಳಿಸಿದರೆ ಸಾಕು ಎಂದು ತರಬೇತುದಾರರೇ ಹೇಳಿದರು. ನಮ್ಮ ಓಣಿಯ ಕ್ಷೌರಿಕ ಗದಗಿನ ಕಡೆಯವನು. ಕತ್ತಿ ಕೈಯಲ್ಲಿ ಹಿಡಿದು ಕನ್ನಡಿಯಲ್ಲಿ ನನ್ನನ್ನೇ ನೋಡಿದ.

"ಮಳೆಗಾಲಕ್ಕೆ ಮತ್ತೆ ಬಿಡುತ್ತೀರಲ್ಲ, ಸಾಹೇಬರೇ?"