ಶಿವಮೊಗ್ಗದ ಫೈನಾನ್ಸ್ ಕಂಪನಿಯಲ್ಲಿ 2 ವರ್ಷ ದುಡಿದ ಅನುಭವ
ಹೆಸರು ಬೇಡ, ದೊಡ್ಡ ಕಂಪನಿ. ನಾನಿದ್ದದ್ದು ವಸೂಲಿ ವಿಭಾಗದಲ್ಲಿ. ಸಂಬಳ ತಪ್ಪದೆ ಬರುತ್ತದೆ, ಪಿಎಫ್ ಸರಿಯಾಗಿ ಕಟ್ಟುತ್ತಾರೆ, ಜೊತೆಗಿದ್ದ ಹುಡುಗರೂ ಒಳ್ಳೆಯವರು. ತಲೆನೋವು ಅಂದರೆ ಟಾರ್ಗೆಟ್. ಜುಲೈ ಮಳೆಯಲ್ಲಿ ರೇನ್‌ಕೋಟ್ ಹಾಕಿಕೊಂಡು ತೀರ್ಥಹಳ್ಳಿ, ಆಗುಂಬೆ ಕಡೆ ಬೈಕಿನಲ್ಲಿ ಹೋಗಿ ಕಂತು ಕೇಳಬೇಕು, ಅಡಿಕೆ ಕೊಯ್ಲೇ ಆಗದೆ ರೈತರು ಎಲ್ಲಿಂದ ಕೊಡ್ತಾರೆ ಸಾರ್ ಅಂತ ಎಷ್ಟು ಸಲ ಹೇಳಿದರೂ ಮೇಲಿನವರಿಗೆ ತಿಂಗಳ ಕೊನೆಯ ಲೆಕ್ಕವೇ ಮುಖ್ಯ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರರಿಗೆ ವಸೂಲಿ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ನಮಗೆ ಮಾತ್ರ ಮ್ಯಾನೇಜರ್ ಫೋನ್ ರಾತ್ರಿ 10ಕ್ಕೂ ಬರುತ್ತಿತ್ತು! ಭಾನುವಾರದ ರಜೆ ಸುಮ್ನೆ ಕಾಗದದಲ್ಲಿ. ಹೊಸಬರು ಕೆಲಸ ಕಲಿಯಲು ಒಂದು ವರ್ಷ ಇರಿ, ಜಾಸ್ತಿ ಬೇಡ. 5ಕ್ಕೆ ಎರಡೂವರೆ ಕೊಡುತ್ತೇನೆ. ಆ ಅರ್ಧ ಎದುರಿನ ಹೋಟೆಲಿನ ಅಕ್ಕಿರೊಟ್ಟಿಗೆ.