ಅಂಕೋರ್ ಗುಡಿಗಳ ಫೋಟೊಗೆ ಒಬ್ಬರೇ ಹೋದರೆ: ಟುಕ್‌ಟುಕ್, ಸೈಕಲ್, ವ್ಯಾನ್

ಕಾಂಬೋಡಿಯಾದ ಅಂಕೋರ್‌ಗೆ ಫೋಟೊ ತೆಗೆಯಲೆಂದೇ ಒಬ್ಬರೇ ಹೋಗುವವರಿಗೆ ನನ್ನ ಮಾತು ಇಷ್ಟೇ: ಇಡೀ ದಿನಕ್ಕೆ ಒಂದು ಟುಕ್‌ಟುಕ್ ಗೊತ್ತು ಮಾಡಿಕೊಳ್ಳಿ. ಅಂಕೋರ್ ಪಕ್ಕದ ಊರು ಸಿಯೆಮ್ ರೀಪ್‌ನಲ್ಲಿದ್ದಾಗ ಬಾಡಿಗೆ ಸೈಕಲ್ಲಿನಲ್ಲೂ ಸುತ್ತಿದೆ, ಗುಂಪಿನ ವ್ಯಾನಿನಲ್ಲೂ ಹೋದೆ. ಗೋಡೆಗೆ ಹಾಕಿಕೊಳ್ಳುವಂಥ ಫೋಟೊಗಳು ಸಿಕ್ಕಿದ್ದು ಟುಕ್‌ಟುಕ್‌ನಲ್ಲಿ ಹೋದಾಗಲೇ.

ಗುಡಿಗಳ ಪಾಸ್ ಒಂದು ದಿನಕ್ಕೆ 37 ಡಾಲರ್. ಯಾವುದರಲ್ಲಿ ಹೋದರೂ ಅದು ತಪ್ಪುವುದಿಲ್ಲ. ಅಷ್ಟು ದುಡ್ಡು ಕೊಟ್ಟ ಮೇಲೆ ಓಡಾಟದಲ್ಲಿ ಹತ್ತು ಹದಿನೈದು ಡಾಲರ್ ಉಳಿಸಲು ಹೋಗಿ ಒಳ್ಳೆಯ ಬೆಳಕು ಕಳೆದುಕೊಳ್ಳುವುದು ನನಗೆ ಒಪ್ಪುವುದಿಲ್ಲ.

ವ್ಯಾನಿನ ವಿಷಯ ಬೇಗ ಮುಗಿಸುತ್ತೇನೆ. ಗೈಡ್ ಚೆನ್ನಾಗಿ ವಿವರಿಸಿದರು. ಬಾಯೋನ್ ಗುಡಿಯ ಗೋಡೆಯ ಮೇಲೆ ನೆರೆಯ ಚಾಂಪಾ ರಾಜ್ಯದ ಚಾಮ್ ಸೈನ್ಯದ ಜೊತೆ ದೋಣಿ ಯುದ್ಧ, ಸಂತೆ, ಕೋಳಿ ಅಂಕ ಎಲ್ಲವನ್ನೂ ತೋರಿಸಿದ್ದು ಅವರೇ. ಆದರೆ ತಾ ಪ್ರೋಮ್ ಗುಡಿಯಲ್ಲಿ ನಿಲ್ಲಿಸಿದ್ದು ಅರ್ಧ ಗಂಟೆ ಮಾತ್ರ. ಬೇರುಗಳು ಬಾಗಿಲನ್ನು ತಬ್ಬಿಕೊಂಡಿರುವ ಆ ಜಾಗದಲ್ಲಿ ಫೋಟೊಗೆ ಸಾಲು ನಿಂತಿರುತ್ತದೆ. ಜನರಿಲ್ಲದ ಒಂದು ಫ್ರೇಮ್ ಬೇಕೆಂದರೆ ಕಾಯಲೇಬೇಕು. ಇನ್ನೊಂದು ತೊಂದರೆ ಎಸಿ. ಒಳಗೆ ತಣ್ಣಗಾದ ಲೆನ್ಸ್ ಹೊರಗಿನ ತೇವದ ಗಾಳಿಗೆ ಬಂದ ತಕ್ಷಣ ಮಂಜು ಹಿಡಿಯುತ್ತದೆ. ಇರುವ ಅರ್ಧ ಗಂಟೆಯಲ್ಲಿ ಅದೂ ಒಂದಷ್ಟು ಹೊತ್ತು ತಿಂದುಹಾಕಿತು.

ಸೈಕಲ್ ನನಗೆ ನಿಜಕ್ಕೂ ಇಷ್ಟ. ಬಾಡಿಗೆ ತೀರಾ ಕಡಿಮೆ, ದಾರಿ ಸಮತಟ್ಟು, ಎರಡೂ ಬದಿ ಎತ್ತರದ ಮರಗಳ ನೆರಳು. ಗುಡಿಗಳನ್ನು ನೋಡಿಬರುವ ಚಿಕ್ಕ ಸುತ್ತು 17 ಕಿಲೋಮೀಟರ್, ದೊಡ್ಡ ಸುತ್ತು 26. ಸೈಕಲ್ ತುಳಿದು ಅಭ್ಯಾಸ ಇದ್ದವರಿಗೆ ಇದೇನೂ ಕಷ್ಟವಲ್ಲ. ಸೂರ್ಯೋದಯಕ್ಕೆ ಅಂಕೋರ್ ವಾಟ್ ಮುಂದೆ ಇರಬೇಕೆಂದರೆ ಮಾತ್ರ ಊರಿಂದ ಕತ್ತಲಲ್ಲೇ ಹೊರಡಬೇಕು. ಅದನ್ನೂ ಸಹಿಸಬಹುದು.

ನನ್ನ ತಕರಾರು ಬೇರೆ. ಸೈಕಲ್ ಎಲ್ಲಿ ಬಿಟ್ಟಿದ್ದೀರೋ ಅಲ್ಲಿಗೇ ವಾಪಸ್ ಬರಬೇಕು! ಕೇಳಲು ಸಣ್ಣ ವಿಷಯ, ಅಲ್ವಾ? ಆದರೆ ಈ ಗುಡಿಗಳು ನಮ್ಮೂರ ದೇವಸ್ಥಾನದಷ್ಟು ಚಿಕ್ಕವಲ್ಲ. ಇಲ್ಲಿನ ಖ್ಮೇರ್ ದೊರೆ ಏಳನೇ ಜಯವರ್ಮ 1191ರಲ್ಲಿ ತಂದೆಯ ನೆನಪಿಗೆ ಕಟ್ಟಿಸಿದ ಪ್ರೆಯಾ ಖಾನ್ ನೋಡಿ. ಹೊರಗೋಡೆಯೇ ಸುಮಾರು 800 ಮೀಟರ್ ಉದ್ದ, 700 ಮೀಟರ್ ಅಗಲ. ಪಶ್ಚಿಮದ ಬಾಗಿಲಲ್ಲಿ ಸೈಕಲ್‌ಗೆ ಬೀಗ ಹಾಕಿ ಒಳಗೆ ಹೋದರೆ ಬಾಗಿಲ ನಂತರ ಬಾಗಿಲು, ಕುಸಿದ ಕಲ್ಲುಗಳ ನಡುವೆ ನಡೆಯುತ್ತಲೇ ಇರಬೇಕು. ನನಗೆ ಬೇಕಿದ್ದ ಎರಡು ಫೋಟೊಗಳೂ ಇದ್ದಿದ್ದು ಆ ಕಡೆಯ ತುದಿಯಲ್ಲಿ. ಒಂದು, ದುಂಡು ಕಂಬಗಳ ಎರಡಂತಸ್ತಿನ ಕಟ್ಟಡ. ಖ್ಮೇರ್ ಗುಡಿಗಳಲ್ಲಿ ಅಂಥದ್ದು ತೀರಾ ಅಪರೂಪ. ಇನ್ನೊಂದು, ಪೂರ್ವದ ಗೋಡೆಯನ್ನು ಏರಿ ಕೂತ ಮರ.

ಅಲ್ಲಿ ತಲುಪುವ ಹೊತ್ತಿಗೆ ಬೆಳಕು ಮೆತ್ತಗಾಗಿತ್ತು. ಕಂಬಗಳ ಮೇಲಿನ ಪಾಚಿ ಹಸಿರು ಆಗ ತಾನೇ ಕಾಣತೊಡಗಿತ್ತು. ಆದರೆ ಗುಡಿ ಮುಚ್ಚುವುದು 5.30ಕ್ಕೆ. ಸೈಕಲ್ ಹಿಂದೆ ಇದೆ. ಹೊರಗೆ ಹೋಗುವ ಉತ್ತರದ ಬಾಗಿಲು ಹತ್ತಿರದಲ್ಲೇ ಇದ್ದರೂ ನನಗೆ ಅದರಿಂದ ಉಪಯೋಗವಿಲ್ಲ. ಬಂದ ದಾರಿಯಲ್ಲೇ ಇಡೀ ಗುಡಿ ದಾಟಬೇಕು. ಕೈಗಡಿಯಾರ ನೋಡುತ್ತಾ ಫೋಟೊ ತೆಗೆಯುವುದು ಎಂಥ ಹಿಂಸೆ ಎಂದು ಕ್ಯಾಮೆರಾ ಹಿಡಿಯುವವರಿಗೆ ಗೊತ್ತು. ತಾ ಪ್ರೋಮ್‌ದೂ ಇದೇ ಕಥೆ. ಅದಕ್ಕೂ ಪೂರ್ವ, ಪಶ್ಚಿಮ ಎರಡು ಬಾಗಿಲು. ಪ್ರತಿ ಗುಡಿಯಲ್ಲೂ ಹೀಗೆ ಎರಡು ಸಲ ನಡೆದರೆ ದಿನದ ಕೊನೆಗೆ ಒಂದಿಡೀ ಗುಡಿಯ ಸಮಯ ಹೋಗಿರುತ್ತದೆ.

ಎಲೆಕ್ಟ್ರಿಕ್ ಬೈಕಿಗೂ ಇದೇ ಸಮಸ್ಯೆ, ಜೊತೆಗೆ ಚಾರ್ಜ್ ಚಿಂತೆ ಬೇರೆ.

ಟುಕ್‌ಟುಕ್‌ನಲ್ಲಿ ಈ ತಾಪತ್ರಯವೇ ಇಲ್ಲ. ಪಶ್ಚಿಮದಲ್ಲಿ ಇಳಿದೆ, ಉತ್ತರದಲ್ಲಿ ಹತ್ತಿದೆ. ನಾನು ಹಿಡಿದದ್ದು ನಮ್ಮ ಆಟೋ ಥರ ಅಲ್ಲ, ಬೈಕಿಗೆ ಹಿಂದೆ ಗಾಡಿ ಕಟ್ಟಿದ್ದು. ನಾಲ್ಕೂ ಕಡೆ ತೆರೆದಿರುವುದರಿಂದ ಲೆನ್ಸ್ ಹೊರಗಿನ ಶಾಖದಲ್ಲೇ ಇರುತ್ತದೆ, ಮಂಜು ಹಿಡಿಯುವುದಿಲ್ಲ. ನೀರು, ರೇನ್‌ಕೋಟು ಅಲ್ಲೇ ಬಿಟ್ಟು ಒಂದು ಕ್ಯಾಮೆರಾ ಮಾತ್ರ ಹೊತ್ತು ಹೋಗಬಹುದು. ಸಾಮಾನು ನೋಡಿಕೊಳ್ಳಲು ಜೊತೆಗಾರರಿಲ್ಲದವರಿಗೆ ಇದು ದೊಡ್ಡ ಅನುಕೂಲ. ನಾನು ಕೊಟ್ಟಿದ್ದು 20 ಡಾಲರ್. ಹಂಚಿಕೊಳ್ಳಲು ಇನ್ನೊಬ್ಬರಿಲ್ಲ ಎಂಬುದೊಂದೇ ಹೊರೆ.

ಒಂದು ಎಚ್ಚರ ಬೇಕು. ಸುಮ್ನೆ ಹತ್ತಿ ಕೂತರೆ ಚಾಲಕರು ಎಲ್ಲರ ಹಾಗೆ ಅಂಕೋರ್ ವಾಟ್, ಬಾಯೋನ್, ತಾ ಪ್ರೋಮ್ ಎಂಬ ಕ್ರಮದಲ್ಲೇ ಒಯ್ಯುತ್ತಾರೆ. ಜನಜಂಗುಳಿಯೂ ಅದೇ ಕ್ರಮದಲ್ಲಿ ಬರುತ್ತದೆ. ಹಿಂದಿನ ಸಂಜೆಯೇ ಮ್ಯಾಪ್ ತೋರಿಸಿ ಗುಡಿ, ಬಾಗಿಲು, ಹೊತ್ತು ಮೂರನ್ನೂ ಮಾತಾಡಿಕೊಳ್ಳಿ. ನನ್ನ ಕ್ರಮ ಹೀಗಿತ್ತು: ಸೂರ್ಯ ಹುಟ್ಟಿದ ಮೇಲೆ ಅಂಕೋರ್ ವಾಟ್‌ನ ಕೊಳದ ಬಳಿ ಜಾಸ್ತಿ ನಿಲ್ಲದೆ, 7.30ಕ್ಕೆ ಬಾಗಿಲು ತೆರೆಯುವಾಗಲೇ ತಾ ಪ್ರೋಮ್. ಅಲ್ಲಿ ಭಾರತದ ಪುರಾತತ್ವ ಇಲಾಖೆಯೂ ಕೈಹಾಕಿ ನಿಲ್ಲಿಸಿದ ಗೋಡೆಗಳನ್ನು ಆಗ ನಿಧಾನವಾಗಿ ನೋಡಬಹುದು. ಬಿಸಿಲು ನೆತ್ತಿಗೇರಿದಾಗ ಮತ್ತೆ ಅಂಕೋರ್ ವಾಟ್‌ನ ಮೊಗಸಾಲೆ. ಸಮುದ್ರ ಮಥನದ ಉದ್ದನೆಯ ಕೆತ್ತನೆಗೆ ಪಕ್ಕದಿಂದ ಬೆಳಕು ಬೀಳುತ್ತದೆ, ತಂಪೂ ಇರುತ್ತದೆ. ಕೊನೆಗೆ, ಮುಚ್ಚಲು ಎರಡು ಗಂಟೆ ಇರುವಾಗ ಪ್ರೆಯಾ ಖಾನ್.

ಮೂರು ದಿನದ ಪಾಸ್ 62 ಡಾಲರ್. ಅದನ್ನು ಕೊಳ್ಳುವವರು ಒಂದು ದಿನ ಸೈಕಲ್‌ಗೆ ಇಡಿ. ಅಂಕೋರ್ ಥೋಮ್ ಕೋಟೆ ಗೋಡೆ ಒಂದೊಂದು ಬದಿ ಮೂರು ಕಿಲೋಮೀಟರ್, ಅದರ ಮೇಲೇ ಕಾಡಿನ ಕಾಲುದಾರಿ ಇದೆ. ಅಲ್ಲಿ ಟುಕ್‌ಟುಕ್ ಹೋಗುವುದಿಲ್ಲ. ದೂರದ ಬೆಂಗ್ ಮಿಯಾಲಿಯಾ ಗುಡಿ ಬೇಕೆಂದರೆ ಮಾತ್ರ ಕಾರು ಮಾಡಿ. ಊರಿಂದ ಅಷ್ಟು ದೂರ ತೆರೆದ ಗಾಡಿಯಲ್ಲಿ ಕೂತರೆ ಕ್ಯಾಮೆರಾ ತುಂಬ ಧೂಳಾಗುತ್ತದೆ.