ಸಿಇಟಿ ಆಪ್ಷನ್ ಎಂಟ್ರಿ: ಕನ್ಸಲ್ಟೆಂಟ್, ಯೂಟ್ಯೂಬ್, ಇಲ್ಲಾ ಒಂದು ನೋಟ್‌ಬುಕ್?

ಸಿಇಟಿ ಬರೆದ ಮೇಲೆ ಯಾವ ಕಾಲೇಜು, ಯಾವ ಬ್ರಾಂಚ್ ಬೇಕು ಅಂತ ಕ್ರಮವಾಗಿ ಪಟ್ಟಿ ಕೊಡಬೇಕು, ಅದೇ ಆಪ್ಷನ್ ಎಂಟ್ರಿ. ಆ ಪಟ್ಟಿ ಮಾಡೋಕೆ ಯಾವುದರ ಸಹಾಯ ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೋಟ್‌ಬುಕ್ಕಿಗೆ. ನೋಟ್‌ಬುಕ್ ಅಂದರೆ ಕೆಇಎ (ಸಿಇಟಿ ನಡೆಸಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನ ಮಾಹಿತಿ ಪುಸ್ತಿಕೆ, ಹಿಂದಿನ ವರ್ಷಗಳ ಕಟಾಫ್ ಪಟ್ಟಿ (ಯಾವ ಸೀಟು ಎಷ್ಟನೇ ರ‍್ಯಾಂಕಿನವರೆಗೆ ಸಿಕ್ಕಿತ್ತು ಅನ್ನುವ ಪಟ್ಟಿ), ಜೊತೆಗೆ ಕೂರೋಕೆ ಮನೆಯವರು ಒಬ್ಬರು. ಅಣ್ಣನ ಮಗಳಿಗೆ ಎಂಜಿನಿಯರಿಂಗ್ ಸೀಟು ಹುಡುಕುವಾಗ ಮೂರನ್ನೂ ನೋಡಿದೆವು. ಕನ್ಸಲ್ಟೆಂಟಿಗೆ ಅಣ್ಣ 8,000 ರೂಪಾಯಿ ಕಟ್ಟಿದ್ದ.

ದಾಖಲೆಗಳ ವಿಷಯದಲ್ಲಿ ಕನ್ಸಲ್ಟೆಂಟ್ ಚೆನ್ನಾಗಿಯೇ ಹೇಳಿದರು. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ (ಪತ್ರದ ಮೇಲಿರುವ ಸಂಖ್ಯೆ), ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಇರುವ ಪತ್ರ, ಎಲ್ಲಾ ನೆನಪಿಸಿದರು.

ಕಿರಿಕಿರಿ ಶುರುವಾಗಿದ್ದು ಆಪ್ಷನ್ ಪಟ್ಟಿ ಕೈಗೆ ಬಂದ ಮೇಲೆ. ಮೇಲೆ ಇದ್ದದ್ದೆಲ್ಲ ಅವಳ ರ‍್ಯಾಂಕಿಗೆ ಆರಾಮಾಗಿ ಸಿಗುವ ಕಾಲೇಜುಗಳು. ಅವಳಿಗೆ ಬೇಕಿದ್ದ ಎಲೆಕ್ಟ್ರಾನಿಕ್ಸ್ ಎಲ್ಲೋ ತಳದಲ್ಲಿ. ಯಾಕೆ ಅಂತ ಕೇಳಿದರೆ, "ಸಿಗದಿರೋದನ್ನ ಮೇಲೆ ಹಾಕಿದ್ರೆ ಆಪ್ಷನ್ ವೇಸ್ಟ್ ಸಾರ್" ಅಂದರು.

ಇದು ಪೂರ್ತಿ ತಲೆಕೆಳಗು. ಸೀಟು ಹಂಚುವುದು ರ‍್ಯಾಂಕ್ ಪ್ರಕಾರ. ನಿಮ್ಮ ಸರದಿ ಬಂದಾಗ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬರುತ್ತದೆ, ಎಲ್ಲಿ ಮೊದಲು ಸೀಟು ಖಾಲಿ ಕಂಡಿತೋ ಅದನ್ನೇ ಕೊಡುತ್ತದೆ. ಮೊದಲ ಹತ್ತು ಸಿಗದಿದ್ದರೆ ಹನ್ನೊಂದನೆಯದನ್ನು ನೋಡುತ್ತದೆ, ಅಷ್ಟೇ. ನಷ್ಟ ಏನೂ ಇಲ್ಲ. ಆದರೆ ಒಂದನೆಯದೇ ಸಿಕ್ಕಿಬಿಟ್ಟರೆ ಕೆಳಗಿನದೆಲ್ಲ ರದ್ದು. ಹಾಗಾಗಿ ಮೇಲೆ ಇರಬೇಕಾದ್ದು ನಿಮಗೆ ಜಾಸ್ತಿ ಬೇಕಾದ್ದು, ಸಿಗೋದು ಗ್ಯಾರಂಟಿ ಅನ್ನುವುದಲ್ಲ. ಸೀಟು ಕೊಡಿಸಿದೆವು ಅಂತ ತೋರಿಸಿಕೊಳ್ಳಬೇಕಾದವರಿಗೆ ಮಾತ್ರ ಈ ಉಲ್ಟಾ ಪಟ್ಟಿಯಿಂದ ಲಾಭ.

ಅಣಕು ಸೀಟು ಹಂಚಿಕೆಯಲ್ಲಿ (ನಿಜವಾದ ಹಂಚಿಕೆಗೆ ಮುಂಚೆ ನಡೆಸುವ ಪ್ರಯೋಗ) ಕನ್ಸಲ್ಟೆಂಟ್ ಪಟ್ಟಿಯ ಒಂದನೇ ಆಪ್ಷನ್ನೇ ಬಂತು, ಅವಳಿಗೆ ಇಷ್ಟವಿಲ್ಲದ ಕಾಲೇಜು. ಅಣಕು ಹಂಚಿಕೆ ಇರುವುದೇ ಇದಕ್ಕೆ, ಆಮೇಲೆ ಪಟ್ಟಿ ತಿದ್ದೋಕೆ ಟೈಮ್ ಕೊಡುತ್ತಾರೆ. ಕನ್ಸಲ್ಟೆಂಟಿಗೆ ಫೋನ್ ಮಾಡಿದರೆ ಬದಲಾವಣೆಗೆ ಬೇರೆ ಪ್ಯಾಕೇಜ್ ಅಂತೆ! ಇನ್ನೊಂದು ವಿಷಯ: ಅವಳು 3ಎ (ಹಿಂದುಳಿದ ವರ್ಗಗಳ ಒಂದು ಪ್ರವರ್ಗ), ಜೊತೆಗೆ ಗ್ರಾಮೀಣ ಮೀಸಲಾತಿಯೂ ಇದೆ. ಕಟಾಫ್ ಪಟ್ಟಿಯಲ್ಲಿ ಅದಕ್ಕೆ 3ಎಆರ್ ಅಂತ ಬೇರೆ ಕಾಲಮ್ಮೇ ಇದೆ. ಕನ್ಸಲ್ಟೆಂಟ್ ನೋಡಿದ್ದು ಜಿಎಂ (ಸಾಮಾನ್ಯ ವರ್ಗ) ಕಾಲಮ್ ಮಾತ್ರ. ಬಿಇಒ ಸಹಿ ಮಾಡಿಸಿಕೊಂಡು ಬಂದದ್ದು ಮತ್ಯಾಕೆ ಅಂತ ಕೇಳಬೇಕು ಅನ್ನಿಸಿತು.

ಯೂಟ್ಯೂಬ್ ಬಗ್ಗೆ ಜಾಸ್ತಿ ಇಲ್ಲ. ಸೀಟು ಬಂದ ಮೇಲಿನ ಚಾಯ್ಸ್ 1ರಿಂದ 4ರವರೆಗಿನ ಲೆಕ್ಕ (ಸೇರುತ್ತೇನೆ, ಇದು ಇರಲಿ ಆದರೆ ಮೇಲಿನದು ನೋಡಿ, ಇದು ಬೇಡ ಮುಂದಿನ ಸುತ್ತು ನೋಡುತ್ತೇನೆ, ಪೂರ್ತಿ ಹೊರಗೆ) ವಿಡಿಯೋದಲ್ಲಿ ಬೇಗ ಅರ್ಥವಾಗುತ್ತದೆ. ಆದರೆ ವಿಡಿಯೋ ಯಾವ ವರ್ಷದ್ದು ಅಂತ ಮೊದಲು ನೋಡಿ. ಫ್ಲೋಟ್, ಸ್ಲೈಡ್ ಅಂತ ಶುರು ಮಾಡಿದರೆ ಅದು ಐಐಟಿ, ಎನ್‌ಐಟಿಗಳ ಜೋಸಾ ಕೌನ್ಸೆಲಿಂಗ್, ಸುಮ್ನೆ ಗೊಂದಲ.

ಇನ್ನು ನೋಟ್‌ಬುಕ್. ಒಂದು ಸಾಲಿಗೆ ಒಂದು ಕಾಲೇಜು: ಕೋಡ್, ಬ್ರಾಂಚ್, ಹಿಂದಿನ ವರ್ಷಗಳ 3ಎಆರ್ ಕೊನೆಯ ರ‍್ಯಾಂಕ್, ಶುಲ್ಕ. ಬರೆದದ್ದು ಹುಡುಗಿಯೇ. ಕೆಲವು ಹಳೆಯ ಕಾಲೇಜುಗಳು ಅನುದಾನಿತ, ಅನುದಾನರಹಿತ ಅಂತ ಎರಡು ಕಡೆ ಬರುತ್ತವೆ, ಅದೇ ಕ್ಯಾಂಪಸ್, ಶುಲ್ಕ ಬೇರೆ. ಇದು ಅವಳ ಕಣ್ಣಿಗೇ ಮೊದಲು ಬಿತ್ತು. ಆಪ್ಷನ್ ಎಷ್ಟು ಬೇಕಾದರೂ ಹಾಕಬಹುದು, ಹಾಗಾಗಿ ಪಟ್ಟಿ ಉದ್ದವಾದರೂ ಪರವಾಗಿಲ್ಲ. ತೊಂದರೆ ಅಂದರೆ ಟೈಮ್ ಬೇಕು, ಮತ್ತೆ ಆ ಪಿಡಿಎಫ್ ಮೊಬೈಲಲ್ಲಿ ಓದೋಕೆ ಆಗುವುದಿಲ್ಲ, ಪ್ರಿಂಟ್ ತೆಗೆಸಿ.

ಜೊತೆಗೆ ಕೂರೋಕೆ ಮನೆಯಲ್ಲಿ ಯಾರೂ ಇಲ್ಲದಿದ್ದರೆ ದಾಖಲೆ ನೋಡೋಕೆ ಮಾತ್ರ ಗೊತ್ತಿದ್ದವರಿಗೆ ದುಡ್ಡು ಕೊಡಿ, ಕೆಇಎ ಲಾಗಿನ್ ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬೇಡಿ. ನನಗೆ ಕಾಗದದ ಮೇಲೆ ಬರೆದರೇ ತಲೆ ಓಡುವುದು, ಅದಕ್ಕೂ ಈ ದಾರಿ ಹಿಡಿಸಿತು. ಆ 8,000 ನನ್ನ ಕೈಲಿದ್ದಿದ್ದರೆ ಪಟ್ಟಿಯ ಮೇಲಿನ ಮೂರ್ನಾಲ್ಕು ಕಾಲೇಜಿಗೆ ಅವಳನ್ನು ಕರೆದುಕೊಂಡು ಹೋಗಿ ಹಾಸ್ಟೆಲ್ ನೋಡಿಕೊಂಡು ಬರುತ್ತಿದ್ದೆ. ಅದು ಯಾವ ಕಟಾಫ್ ಪಟ್ಟಿಯಲ್ಲೂ ಇರುವುದಿಲ್ಲ.